ಹಳೆ ಕಂಪ್ಯೂಟರಿಗೆ ವಿಂಡೋಸ್ 11 ‘ಆಗಲ್ಲ’ ಅಂದಾಗ ಏನು ಮಾಡಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ಅದಾದ ಮೇಲೆ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ. ವಿಂಡೋಸ್ 11 ಹಾಕೋಕೆ ಹೋದ್ರೆ ಈ ಪಿಸಿಗೆ ಆಗಲ್ಲ ಅನ್ನುತ್ತೆ. ಅಂಗಡಿಯವರು ಹೊಸದು ತಗೊಳ್ಳಿ ಅಂತಾರೆ. ತಗೊಳ್ಳಲೇಬೇಕಾ?’

ಬಹಳ ಸಲ ಬೇಡ. ಆ ‘ಆಗಲ್ಲ’ದಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಕಂಪ್ಯೂಟರಿನ ಒಳಗೆ ಯಾವುದೋ ಸೆಟ್ಟಿಂಗ್ ಆಫ್ ಆಗಿರುತ್ತದೆ, ಅಷ್ಟೆ. ಅದನ್ನು ಮನೆಯಲ್ಲೇ ಕೂತು ಸರಿ ಮಾಡಬಹುದು. ಇನ್ನೊಂದರಲ್ಲಿ ಪ್ರೊಸೆಸರೇ ಹಳೆಯದು. ಅದಕ್ಕೆ ಬೇರೆ ದಾರಿ ಹಿಡಿಯಬೇಕು. ಪರದೆಯ ಮೇಲಿನ ಸಂದೇಶ ನೋಡಿದರೆ ಮಾತ್ರ ಎರಡೂ ಒಂದೇ ಥರ ಕಾಣುತ್ತದೆ. ನಿಮ್ಮದು ಯಾವ ಬಗೆ ಅಂತ ಗೊತ್ತಾಗುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

‘ಏನೂ ಮಾಡದೆ ಸುಮ್ನೆ ಬಿಟ್ರೆ?’ ಅಂತಲೂ ಕೇಳುತ್ತಾರೆ. ಕಂಪ್ಯೂಟರ್ ನಾಳೆಯೇ ನಿಂತು ಹೋಗುವುದಿಲ್ಲ. ಆದರೆ ಹೊಸದಾಗಿ ಸಿಗುವ ದೋಷಗಳಿಗೆ ತೇಪೆ ಬರುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ವೈರಸ್ ದೇಶ ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತಲ್ಲ, ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಬಿಟ್ಟಿತ್ತು. ಹಾಕಿಕೊಳ್ಳದೆ ಕೂತವರು ಸಿಕ್ಕಿಬಿದ್ದರು. ಬ್ಯಾಂಕು, ಜಿಎಸ್‌ಟಿ ಅಂತ ಬಳಸುವ ಕಂಪ್ಯೂಟರನ್ನು ಹಾಗೆ ಬಿಡಬೇಡಿ.

ಶುರು ಮಾಡುವ ಮುಂಚೆ ಇಷ್ಟು ಹತ್ತಿರ ಇಟ್ಟುಕೊಳ್ಳಿ: ಫೈಲುಗಳನ್ನು ತೆಗೆದಿಡಲು ಒಂದು ಹೊರಗಿನ ಹಾರ್ಡ್‌ಡಿಸ್ಕ್, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಖಾಲಿ ಪೆನ್‌ಡ್ರೈವ್, ಪರದೆಯ ಫೋಟೋ ತೆಗೆಯಲು ಮೊಬೈಲು, ಮತ್ತು ಕರೆಂಟು ಹೋಗದ ಒಂದು ಮಧ್ಯಾಹ್ನ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲೇಬೇಕು. ಬ್ಯಾಟರಿ ಸತ್ತು, ಬರೀ ಚಾರ್ಜರ್ ಮೇಲೆ ಓಡುವ ಲ್ಯಾಪ್‌ಟಾಪ್ ಕೂಡ ಡೆಸ್ಕ್‌ಟಾಪ್ ಇದ್ದಂತೆಯೇ ಲೆಕ್ಕ.

ಹಂತ 1: ತೊಂದರೆ ಎಲ್ಲಿದೆ ನೋಡಿ

ಮೈಕ್ರೋಸಾಫ್ಟ್‌ನವರದೇ ‘ಪಿಸಿ ಹೆಲ್ತ್ ಚೆಕ್’ ಅನ್ನುವ ಉಚಿತ ತಂತ್ರಾಂಶ ಇದೆ. ಅವರ ಜಾಲತಾಣದಿಂದಲೇ ಇಳಿಸಿಕೊಳ್ಳಿ, ಬೇರೆ ಕಡೆಯಿಂದ ಬೇಡ. ಅದನ್ನು ಓಡಿಸಿದರೆ ಯಾವುದು ಸರಿ, ಯಾವುದು ಸರಿಯಿಲ್ಲ ಅಂತ ಪಟ್ಟಿ ಕೊಡುತ್ತದೆ. ಬೇಕಾಗಿರುವುದು ಇಷ್ಟು: 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0, ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್, ಜೊತೆಗೆ ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್.

ಈ ಹೆಸರುಗಳಿಗೆ ಹೆದರಬೇಡಿ. ಟಿಪಿಎಂ ಅಂದರೆ ಬೀಗದ ಕೈಗಳನ್ನು ಜೋಪಾನವಾಗಿ ಇಡುವ ಪುಟ್ಟ ತಿಜೋರಿ. ಮದರ್‌ಬೋರ್ಡ್‌ನಲ್ಲಿ ಬೇರೆ ಚಿಪ್ ಆಗಿರಬಹುದು, ಪ್ರೊಸೆಸರ್‌ನಲ್ಲೇ ಸೇರಿಕೊಂಡಿರಬಹುದು. ಬಯೋಸ್ ಅಂದರೆ ವಿಂಡೋಸ್ ಏಳುವುದಕ್ಕೂ ಮುಂಚೆ ಏಳುವ ಪುಟ್ಟ ತಂತ್ರಾಂಶ. ಯುಇಎಫ್‌ಐ ಅದರ ಹೊಸ ತಲೆಮಾರು, ಹಳೆಯದಕ್ಕೆ ಲೆಗಸಿ ಅನ್ನುತ್ತಾರೆ. ಸೆಕ್ಯೂರ್ ಬೂಟ್ ಅಂದರೆ ಕಂಪ್ಯೂಟರ್ ಏಳುವಾಗ ಗುರುತಿಲ್ಲದವರನ್ನು ಒಳಗೆ ಬಿಡದ ಕಾವಲುಗಾರ.

ಎರಡು ವಿಷಯ ನೀವೇ ನೋಡಿಕೊಳ್ಳಿ. ಸ್ಟಾರ್ಟ್ ಒತ್ತಿ ‘ಸಿಸ್ಟಮ್ ಇನ್ಫರ್ಮೇಶನ್’ ಹುಡುಕಿ ತೆರೆಯಿರಿ. ಅಲ್ಲಿ ‘ಬಯೋಸ್ ಮೋಡ್’ ಎದುರಿಗೆ ಯುಇಎಫ್‌ಐ ಇದೆಯೋ ಲೆಗಸಿ ಇದೆಯೋ ಬರೆದುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ‘ಸಿಸ್ಟಮ್ ಟೈಪ್’ ನೋಡಿ. 32 ಬಿಟ್ ವಿಂಡೋಸ್ ಅಂತಿದ್ದರೆ ಇದ್ದದ್ದರ ಮೇಲೇ ವಿಂಡೋಸ್ 11 ಹಾಕಲು ಬರುವುದಿಲ್ಲ. ಅದು 64 ಬಿಟ್‌ನಲ್ಲಿ ಮಾತ್ರ ಇದೆ. ಎಲ್ಲ ಅಳಿಸಿ ಹೊಸದಾಗಿಯೇ ಹಾಕಬೇಕು.

ಹಂತ 2: ಪ್ರೊಸೆಸರಿನ ನಂಬರ್ ಓದಿ

ತೀರ್ಮಾನ ಆಗುವುದು ಇಲ್ಲೇ. ಅದೇ ‘ಅಬೌಟ್’ ಪುಟದಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು ಇರುತ್ತದೆ. ‘ನಂದು ಐ5’ ಅಂದರೆ ಏನೂ ಗೊತ್ತಾಗುವುದಿಲ್ಲ. ಐ5 ಅನ್ನುವ ಹೆಸರಿನಲ್ಲಿ ಹದಿನೈದು ವರ್ಷ ಹಳೆಯದೂ ಇದೆ, ಮೊನ್ನೆ ಮೊನ್ನೆ ಬಂದದ್ದೂ ಇದೆ. ಅದರ ಮುಂದಿನ ನಂಬರ್ ನೋಡಬೇಕು.

ಇಂಟೆಲ್ ಆದರೆ ಹೀಗೆ: ಐ5-3470 ಮೂರನೇ ತಲೆಮಾರು, ಐ5-7200ಯು ಏಳನೆಯದು, ಐ5-8250ಯು ಎಂಟನೆಯದು, ಐ3-10110ಯು ಹತ್ತನೆಯದು. ಎಂಟು ಮತ್ತು ಅದರ ಮೇಲಿನವಕ್ಕೆ ವಿಂಡೋಸ್ 11 ಬರುತ್ತದೆ. ಏಳು ಮತ್ತು ಕೆಳಗಿನವಕ್ಕೆ, ಬೆರಳೆಣಿಕೆಯ ಕೆಲವನ್ನು ಬಿಟ್ಟರೆ, ಇಲ್ಲ. 2017ರಲ್ಲಿ ಒಂದೇ ಅಂಗಡಿಯಲ್ಲಿ ಏಳನೆಯದೂ ಎಂಟನೆಯದೂ ಅಕ್ಕಪಕ್ಕ ಇದ್ದವು. ಏಳನೆಯದನ್ನು ಕೊಂಡವರಿಗೆ ಸಿಟ್ಟು ಬಂದರೆ ತಪ್ಪೇನಿಲ್ಲ.

ಎಎಂಡಿ ಆದರೆ ರೈಜನ್ 2000 ಸಾಲಿನಿಂದ ಮೇಲೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇದರಲ್ಲೊಂದು ಹಳ್ಳ ಇದೆ. ರೈಜನ್ 3 2200ಜಿ, ರೈಜನ್ 5 2500ಯು ಥರದವಕ್ಕೆ ಹೆಸರಿನಲ್ಲಿ 2000 ಇದ್ದರೂ ಒಳಗಿರುವುದು ಹಿಂದಿನ ತಲೆಮಾರಿನ ವಿನ್ಯಾಸ. ಅವು ಪಟ್ಟಿಯಲ್ಲಿಲ್ಲ. ಹಾಗಾಗಿ ಎಎಂಡಿ ಇದ್ದವರು ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಪೂರ್ತಿ ನಂಬರನ್ನೇ ಹುಡುಕಿ ನೋಡುವುದು ಒಳ್ಳೆಯದು.

ಪ್ರೊಸೆಸರ್ ಪಾಸಾಯಿತಾ? ಮುಂದಿನ ಹಂತಕ್ಕೆ ಬನ್ನಿ. ಪಾಸಾಗಲಿಲ್ಲವಾ? ಸೀದಾ 7ನೇ ಹಂತಕ್ಕೆ ಹೋಗಿ. ಬಯೋಸ್‌ನಲ್ಲಿ ಕೈ ಆಡಿಸುವುದರಿಂದ ನಿಮಗೆ ಏನೂ ಸಿಗುವುದಿಲ್ಲ.

ಹಂತ 3: ಏನನ್ನೂ ಮುಟ್ಟುವ ಮುಂಚೆ ಎಲ್ಲ ತೆಗೆದಿಡಿ

ಫೋಟೋ, ಡಾಕ್ಯುಮೆಂಟ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಬೇರೆಯವನ್ನು.

‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರು ತಮ್ಮ ಫಾಂಟ್‌ಗಳನ್ನು ತೆಗೆದಿಡಿ. ಹಳೆಯ ನುಡಿ ಫೈಲುಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಹಾಳಾಯಿತು ಅಂತ ಗಾಬರಿಯಾಗಿ ಡಿಲೀಟ್ ಮಾಡಿಬಿಟ್ಟವರಿದ್ದಾರೆ. ಅದು ಹಾಳಾಗಿರುವುದಿಲ್ಲ. ಫಾಂಟ್ ಹಾಕಿದರೆ ಸರಿಹೋಗುತ್ತದೆ.

ಟ್ಯಾಲಿ ಬಳಸುವವರು ಡೇಟಾ ಫೋಲ್ಡರ್ ಎಲ್ಲಿದೆ ಅಂತ ನೋಡಿ ಅದರ ಬ್ಯಾಕಪ್ ತೆಗೆಯಿರಿ. ಡಿಜಿಟಲ್ ಸಹಿಯ ಟೋಕನ್, ಅಂದರೆ ಪೆನ್‌ಡ್ರೈವ್ ಥರದ ಆ ಡಿಎಸ್‌ಸಿ ಇದ್ದರೆ ಅದರ ಡ್ರೈವರ್ ಮತ್ತು ಪಾಸ್‌ವರ್ಡ್ ಕೈಯಲ್ಲಿರಲಿ. ಜಿಎಸ್‌ಟಿ ರಿಟರ್ನ್ ಕಟ್ಟುವ ಕೊನೆ ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ!

ಎಲ್ಲಕ್ಕಿಂತ ಮುಖ್ಯ ಬಿಟ್‌ಲಾಕರ್. ಇದು ಇಡೀ ಡಿಸ್ಕಿಗೆ ಹಾಕುವ ಬೀಗ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ ಅನ್ನುವ ಹೆಸರಿನಲ್ಲಿ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಆಗ ಬಯೋಸ್‌ನಲ್ಲಿ ಬದಲಾವಣೆ ಮಾಡಿದರೆ ಮುಂದಿನ ಸಲ ಏಳುವಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಹೋದ ಹಾಗೇ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀ ಹುಡುಕಿ, ಕಾಗದದಲ್ಲಿ ಬರೆದಿಡಿ. ಹೌದು, ಕಾಗದದಲ್ಲೇ. ನಾನೊಮ್ಮೆ ಅದನ್ನು ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿಟ್ಟಿದ್ದೆ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಯಿತು. ಕೀ ಬರೆದುಕೊಂಡ ಮೇಲೆ, ಬಯೋಸ್‌ಗೆ ಹೋಗುವ ಮುಂಚೆ, ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ, ಅಂದರೆ ತಾತ್ಕಾಲಿಕವಾಗಿ ತಡೆಹಿಡಿಯಿರಿ.

ಹಂತ 4: ಆಫ್ ಆಗಿರುವುದನ್ನು ಆನ್ ಮಾಡಿ

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಎಫ್2, ಡಿಲೀಟ್, ಎಫ್10 ಅಥವಾ ಎಸ್ಕೇಪ್ ಕೀಯನ್ನು ಪಟಪಟ ಒತ್ತಿದರೆ ಬಯೋಸ್ ತೆರೆಯುತ್ತದೆ. ಯಾವ ಕೀ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಒಳಗೆ ಹೋದ ಕೂಡಲೇ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಏನಾದರೂ ಎಡವಟ್ಟಾದರೆ ಹಿಂದಿದ್ದಂತೆ ಮಾಡಲು ಅದೇ ಆಸರೆ.

ಟಿಪಿಎಂ ಹುಡುಕಿದರೆ ಆ ಹೆಸರಿನಲ್ಲಿ ಸಿಗದೆ ಇರಬಹುದು. ಇಂಟೆಲ್ ಬೋರ್ಡ್‌ಗಳಲ್ಲಿ ಅದಕ್ಕೆ ‘ಪಿಟಿಟಿ’ ಅಂತಲೂ ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಅಂತಲೂ ಹೆಸರು. ಸೆಕ್ಯುರಿಟಿ ಅಥವಾ ಅಡ್ವಾನ್ಸ್‌ಡ್ ಪುಟದಲ್ಲಿರುತ್ತದೆ. ಎನೇಬಲ್ ಮಾಡಿ, ಸೇವ್ ಮಾಡಿ, ಹೊರಗೆ ಬನ್ನಿ. ಅಲ್ಲೇ ಪಕ್ಕದಲ್ಲಿ ‘ಕ್ಲಿಯರ್ ಟಿಪಿಎಂ’ ಅಂತಿದ್ದರೆ ಅದನ್ನು ಮುಟ್ಟಬೇಡಿ. ಅದು ತಿಜೋರಿಯನ್ನೇ ಬರಿದು ಮಾಡುತ್ತದೆ.

1ನೇ ಹಂತದಲ್ಲಿ ‘ಯುಇಎಫ್‌ಐ’ ಅಂತ ಬರೆದುಕೊಂಡವರು ಸೆಕ್ಯೂರ್ ಬೂಟ್ ಆನ್ ಮಾಡಿ, ಹಂತ 5ಕ್ಕೆ ಹೋಗಬಹುದು. ‘ಲೆಗಸಿ’ ಅಂತ ಬರೆದುಕೊಂಡವರು ಮಾತ್ರ ಇಲ್ಲಿ ಸ್ವಲ್ಪ ನಿಲ್ಲಿ. ಜನ ಜಾಸ್ತಿ ಮುಗ್ಗರಿಸುವುದು ಇಲ್ಲೇ.

ಲೆಗಸಿಯನ್ನು ಯುಇಎಫ್‌ಐಗೆ ಬದಲಿಸಿ ಸೇವ್ ಮಾಡಿದಿರಿ ಅನ್ನಿ. ಕಂಪ್ಯೂಟರ್ ‘ಬೂಟ್ ಡಿವೈಸ್ ಸಿಗುತ್ತಿಲ್ಲ’ ಅನ್ನುತ್ತದೆ. ಎದೆ ಧಸಕ್ ಅನ್ನುತ್ತದೆ. ಏನೂ ಹೋಗಿಲ್ಲ. ಮತ್ತೆ ಲೆಗಸಿಗೆ ಬದಲಿಸಿ, ಏಳುತ್ತದೆ. ಹೀಗಾಗಲು ಕಾರಣ ಡಿಸ್ಕಿನ ಒಳಗಿನ ಪಾರ್ಟಿಶನ್‌ಗಳ, ಅಂದರೆ ಹೋಳುಗಳ, ಪಟ್ಟಿ. ಹಳೆಯ ಪಟ್ಟಿಗೆ ಎಂಬಿಆರ್ ಅಂತ ಹೆಸರು, ಹೊಸದಕ್ಕೆ ಜಿಪಿಟಿ. ಯುಇಎಫ್‌ಐನಲ್ಲಿ ವಿಂಡೋಸ್ ಏಳಬೇಕಾದರೆ ಪಟ್ಟಿ ಜಿಪಿಟಿ ಆಗಿರಬೇಕು.

ಫೈಲು ಅಳಿಸದೆ ಬದಲಿಸುವ ಸಾಧನ ವಿಂಡೋಸ್ ಒಳಗೇ ಇದೆ. ಹೆಸರು ‘ಎಂಬಿಆರ್ ಟು ಜಿಪಿಟಿ’. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲು ‘ವ್ಯಾಲಿಡೇಟ್’ ಆದೇಶ ಕೊಟ್ಟು ಪರೀಕ್ಷೆ ಮಾಡಿಸಬೇಕು. ಅದು ಪಾಸಾದರೆ ಮಾತ್ರ ‘ಕನ್ವರ್ಟ್’ ಆದೇಶ. ಆದೇಶದ ಪೂರ್ತಿ ಸಾಲನ್ನು ಮೈಕ್ರೋಸಾಫ್ಟ್ ಸಹಾಯ ಪುಟದಿಂದಲೇ ಕಾಪಿ ಮಾಡಿಕೊಳ್ಳಿ, ಒಂದಕ್ಷರ ತಪ್ಪಿದರೂ ನಡೆಯುವುದಿಲ್ಲ. ಕನ್ವರ್ಟ್ ಮುಗಿದ ಮೇಲೆ ರೀಸ್ಟಾರ್ಟ್ ಮಾಡುವಾಗಲೇ ಬಯೋಸ್‌ಗೆ ಹೋಗಿ ಯುಇಎಫ್‌ಐಗೆ ಬದಲಿಸಿ.

ಅಸೆಂಬಲ್ಡ್ ಡೆಸ್ಕ್‌ಟಾಪ್ ಇರುವವರಿಗೆ ಈ ಪರೀಕ್ಷೆ ಬಹಳ ಸಲ ಫೇಲ್ ಆಗುತ್ತದೆ. ಅಂಗಡಿಯಲ್ಲಿ ಸಿ, ಡಿ, ಇ, ಎಫ್ ಅಂತ ಡಿಸ್ಕನ್ನು ಹೋಳು ಮಾಡಿಕೊಟ್ಟಿರುತ್ತಾರಲ್ಲ, ಅದೇ ಕಾರಣ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇದ್ದರೆ, ಅಥವಾ ಎಕ್ಸ್‌ಟೆಂಡೆಡ್ ಪಾರ್ಟಿಶನ್ ಇದ್ದರೆ, ಸಾಧನ ಒಪ್ಪುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಹಸಿರು ಚೌಕಟ್ಟಿನ ಒಳಗೆ ಡ್ರೈವ್‌ಗಳು ಕಂಡರೆ ಅದೇ ಎಕ್ಸ್‌ಟೆಂಡೆಡ್. ಡಿ, ಇ ಡ್ರೈವ್‌ನಲ್ಲಿರುವುದನ್ನೆಲ್ಲ ಹೊರಗಿನ ಡಿಸ್ಕಿಗೆ ಸಾಗಿಸಿ, ಆ ಪಾರ್ಟಿಶನ್‌ಗಳನ್ನು ಅಳಿಸಿ, ಆಮೇಲೆ ಮತ್ತೆ ಪರೀಕ್ಷೆ ಮಾಡಿ. ಇಷ್ಟೆಲ್ಲ ಮಾಡುವ ಬದಲು ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್, ತಂದು ಅದಕ್ಕೇ ಹೊಸದಾಗಿ ಹಾಕುವುದು ಸುಲಭ ಅಂತ ನನ್ನ ಅನಿಸಿಕೆ.

ಇನ್ನೊಂದು ಎಚ್ಚರಿಕೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡವರಿಗೆ. ತುಂಬ ಹಳೆಯ ಕಾರ್ಡ್‌ಗಳಿಗೆ ಯುಇಎಫ್‌ಐ ಗೊತ್ತಿಲ್ಲ. ಲೆಗಸಿ ಆಫ್ ಮಾಡಿದರೆ ಪರದೆ ಪೂರ್ತಿ ಕಪ್ಪಾಗಬಹುದು. ಆಗ ಪವರ್ ತೆಗೆದು, ಕಾರ್ಡ್ ಬಿಚ್ಚಿ, ಮಾನಿಟರ್ ತಂತಿಯನ್ನು ಮದರ್‌ಬೋರ್ಡ್‌ಗೇ ಚುಚ್ಚಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದು ಮತ್ತೆ ಹಾಕಿ. ಸಾಮಾನ್ಯವಾಗಿ ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ.

ಹಂತ 5: ಅಪ್‌ಗ್ರೇಡ್

ಕಷ್ಟದ ಕೆಲಸ ಮುಗಿಯಿತು. ಪಿಸಿ ಹೆಲ್ತ್ ಚೆಕ್ ಮತ್ತೊಮ್ಮೆ ಓಡಿಸಿ, ಈಗ ಎಲ್ಲ ಸರಿ ಅನ್ನಬೇಕು. ಸಿ ಡ್ರೈವ್‌ನಲ್ಲಿ 30 ಜಿಬಿಯಷ್ಟಾದರೂ ಖಾಲಿ ಮಾಡಿ. ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ಬಿಚ್ಚಿಡಿ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಬಂದರೆ ಅಲ್ಲಿಂದಲೇ, ಇಲ್ಲವಾದರೆ ಮೈಕ್ರೋಸಾಫ್ಟ್ ತಾಣದ ‘ಇನ್‌ಸ್ಟಾಲೇಶನ್ ಅಸಿಸ್ಟೆಂಟ್’ ಇಳಿಸಿ ಶುರು ಮಾಡಿ. ಹಲವು ಜಿಬಿ ಡೌನ್‌ಲೋಡ್ ಆಗುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನ ದಿನದ ಡೇಟಾ ಸಾಲುವುದಿಲ್ಲ.

ಮಧ್ಯದಲ್ಲಿ ಶೇಕಡಾ ಲೆಕ್ಕ ಒಂದೇ ಕಡೆ ಅರ್ಧ ಗಂಟೆ ನಿಲ್ಲಬಹುದು. ಹಾರ್ಡ್‌ಡಿಸ್ಕ್ ಇದ್ದರೆ ಇನ್ನೂ ಜಾಸ್ತಿ. ಪವರ್ ಬಟನ್ ಒತ್ತಬೇಡಿ. ಹೋಗಿ ಕಾಫಿ ಕುಡಿದು ಬನ್ನಿ.

ಅಸಲಿ ವಿಂಡೋಸ್ 10 ಇದ್ದವರಿಗೆ ಇದು ಉಚಿತ, ಹೊಸ ಕೀ ಬೇಕಿಲ್ಲ. ‘ಆಕ್ಟಿವೇಶನ್’ ಪುಟದಲ್ಲಿ ಡಿಜಿಟಲ್ ಲೈಸೆನ್ಸ್ ಅಂತಿದ್ದರೆ ಸಾಕು. ಅಪ್‌ಗ್ರೇಡ್ ಆದ ಮೇಲೆ ಇಷ್ಟವಾಗದಿದ್ದರೆ 10 ದಿನದ ಒಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ‘ಗೋ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಬಹುದು. ಜಾಗ ಸಾಲದು ಅಂತ ಆ ಹತ್ತು ದಿನದೊಳಗೆ ‘ವಿಂಡೋಸ್ ಓಲ್ಡ್’ ಫೋಲ್ಡರ್ ಅಳಿಸಿದರೆ ಮರಳುವ ದಾರಿ ಮುಚ್ಚಿಹೋಗುತ್ತದೆ.

ಹಂತ 6: ‘ಹಾಕಿದ ಮೇಲೆ ಸ್ಲೋ ಆಯ್ತು’

ಪಟ್ಟಿಯಲ್ಲಿ 4 ಜಿಬಿ ರ್‍ಯಾಮ್ ಸಾಕು ಅಂತ ಬರೆದಿದ್ದಾರೆ. ಅದು ಏಳಲು ಸಾಕು, ಕೆಲಸ ಮಾಡಲು ಅಲ್ಲ. 8 ಜಿಬಿ ಇಲ್ಲದೆ ಬ್ರೌಸರ್ ತೆರೆದರೆ ನಿಮ್ಮ ತಾಳ್ಮೆಗೇ ಪರೀಕ್ಷೆ.

ಆದರೆ ಮೊದಲು ಬದಲಿಸಬೇಕಾದದ್ದು ರ್‍ಯಾಮ್ ಅಲ್ಲ, ಡಿಸ್ಕ್. ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಪುಟದಲ್ಲಿ ಡಿಸ್ಕ್ ನೋಡಿ. ‘ಎಚ್‌ಡಿಡಿ’ ಅಂತಿದ್ದು, ಏನೂ ಕೆಲಸ ಮಾಡದಿದ್ದಾಗಲೂ ಶೇಕಡಾ 100 ತೋರಿಸುತ್ತಿದ್ದರೆ, ಕಳ್ಳ ಸಿಕ್ಕಿಬಿದ್ದ. ಎಚ್‌ಡಿಡಿ ಅಂದರೆ ಹಾರ್ಡ್‌ಡಿಸ್ಕ್. ಅದರಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಓಡಾಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸರಿಹೊಂದುತ್ತದೆ. ಅದೇ ‘ಮೆಮೊರಿ’ ಪುಟದಲ್ಲಿ ಎಷ್ಟು ಸ್ಲಾಟ್ ಖಾಲಿ ಇದೆ ಅಂತಲೂ ಕಾಣುತ್ತದೆ. ರ್‍ಯಾಮ್ ಕೊಳ್ಳುವಾಗ ಡಿಡಿಆರ್3, ಡಿಡಿಆರ್4 ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ ಅನ್ನುವುದು ನೆನಪಿರಲಿ. ಈಗಿರುವ ರ್‍ಯಾಮಿನ ಮೇಲಿನ ಚೀಟಿಯ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ.

ಹಂತ 7: ಪ್ರೊಸೆಸರ್ ಫೇಲಾದವರಿಗೆ

ಬೇಲಿ ಹಾರಿ ವಿಂಡೋಸ್ 11 ಹಾಕುವ ಉಪಾಯಗಳಿವೆ. ವಿಡಿಯೋಗಳೂ ರಾಶಿ ಇವೆ. ನಾನು ದಿನದ ಕೆಲಸದ ಕಂಪ್ಯೂಟರಿಗೆ ಅದನ್ನು ಹೇಳುವುದಿಲ್ಲ. ಹಾಗೆ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಹೇಳಿಬಿಟ್ಟಿದೆ. 2024ರಲ್ಲಿ ಬಂದ 24ಎಚ್2 ಆವೃತ್ತಿ ಕೋರ್ 2 ಡ್ಯುಯೋ ಕಾಲದ ಪ್ರೊಸೆಸರ್‌ಗಳಲ್ಲಿ ಏಳುವುದೇ ಇಲ್ಲ. ಅದಕ್ಕೆ ಬೇಕಾದ ಸೂಚನೆಗಳು ಆ ಪ್ರೊಸೆಸರ್‌ಗಳಲ್ಲಿ ಇಲ್ಲ. ಅಲ್ಲಿಯವರೆಗೆ ಉಪಾಯ ಮಾಡಿಕೊಂಡು ಓಡಿಸುತ್ತಿದ್ದವರು ಅಲ್ಲೇ ನಿಂತರು.

ಸುಲಭದ ದಾರಿ ಇಎಸ್‌ಯು. ಅಂದರೆ ವಿಂಡೋಸ್ 10ಕ್ಕೇ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಸೆಕ್ಯುರಿಟಿ ತೇಪೆಗಳನ್ನು ಕೊಡುವ ಯೋಜನೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್’ ಅನ್ನುವ ಕೊಂಡಿ ಇರುತ್ತದೆ. ಪಿಸಿಯ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಉಚಿತ. ಬೇಡವಾದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್. ಹೇಗೆ ಸೇರಿದರೂ ಮೈಕ್ರೋಸಾಫ್ಟ್ ಖಾತೆ ಬೇಕು. ಕೊಂಡಿ ಕಾಣದಿದ್ದರೆ ನಿಮ್ಮದು 22ಎಚ್2 ಆವೃತ್ತಿಯಾ ನೋಡಿ, ಬಾಕಿ ಅಪ್‌ಡೇಟ್ ಎಲ್ಲ ಹಾಕಿ ರೀಸ್ಟಾರ್ಟ್ ಮಾಡಿ. ಟ್ಯಾಲಿ, ನುಡಿ, ಡಿಎಸ್‌ಸಿ ಬಳಸುವವರಿಗೆ ಸದ್ಯಕ್ಕೆ ಇದೇ ಸರಿ.

ಬರೀ ಬ್ರೌಸರ್, ಮೇಲ್, ಯೂಟ್ಯೂಬ್, ಒಂದಷ್ಟು ಟೈಪಿಂಗ್ ಅಂತಿದ್ದರೆ ಲಿನಕ್ಸ್ ಮಿಂಟ್ ನೋಡಿ. ಅದೂ ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ, ಪೂರ್ತಿ ಉಚಿತ. 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಇದೆ. ಹಳೆಯ ಕಂಪ್ಯೂಟರಿಗೆ ಅದರ ‘ಎಕ್ಸ್‌ಎಫ್‌ಸಿಇ’ ಆವೃತ್ತಿ ಹಗುರ. ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ವೈಫೈ ಬರುತ್ತಾ, ಶಬ್ದ ಬರುತ್ತಾ, ಪ್ರಿಂಟರ್ ಮಾತು ಕೇಳುತ್ತಾ ಅಂತ ಅಲ್ಲೇ ಪರೀಕ್ಷೆ ಮಾಡಿ. ನಮ್ಮ ಅಂಗಡಿ, ಆಫೀಸುಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸ್‌ನಲ್ಲಿ ಸತಾಯಿಸುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಟೈಪಿಂಗ್‌ಗೆ ತೊಂದರೆ ಇಲ್ಲ, ನುಡಿಯವರು ಬಳಸುವ ಕೆಜಿಪಿ ಕೀಲಿಮಣೆ ವಿನ್ಯಾಸ ಐಬಸ್ ಅನ್ನುವ ಸಾಧನದಲ್ಲಿ ಸಿಗುತ್ತದೆ. ಬರುವುದು ಯೂನಿಕೋಡ್ ಅಕ್ಷರ. ಹಾಕುವಾಗ ‘ಎರೇಸ್ ಡಿಸ್ಕ್’ ಅನ್ನುವ ಆಯ್ಕೆ ಬರುತ್ತದೆ. ಅದು ಸಿ ಡ್ರೈವ್ ಮಾತ್ರ ಅಲ್ಲ, ಡಿ, ಇ ಸೇರಿ ಇಡೀ ಡಿಸ್ಕನ್ನೇ ಒರೆಸಿಬಿಡುತ್ತದೆ. ಮಗುವಿನ ನಾಮಕರಣದ ಫೋಟೋ ಡಿ ಡ್ರೈವ್‌ನಲ್ಲಿದೆಯಾ ಅಂತ ಇನ್ನೊಮ್ಮೆ ನೋಡಿಕೊಂಡೇ ಒತ್ತಿ.

ಇದ್ಯಾವುದೂ ಬೇಡ, ಕಂಪ್ಯೂಟರನ್ನೇ ಬದಲಿಸುತ್ತೇನೆ ಅಂದರೆ ಹೊಚ್ಚ ಹೊಸದೇ ಆಗಬೇಕಿಲ್ಲ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಸಿಗುತ್ತವೆ. ಅಲ್ಲಿ ‘ಐ7 ಇದೆ ಸರ್, ಸೂಪರ್ ಮಾಲು’ ಅಂದರೆ ತಲೆ ಅಲ್ಲಾಡಿಸಬೇಡಿ. ಆನ್ ಮಾಡಿಸಿ, ಸೆಟ್ಟಿಂಗ್ಸ್‌ನ ಅಬೌಟ್ ಪುಟ ತೆರೆಸಿ, 2ನೇ ಹಂತದಲ್ಲಿ ಹೇಳಿದ ಹಾಗೆ ಆ ನಂಬರ್ ಓದಿ. ಆಮೇಲೆ ಚೌಕಾಸಿ ಶುರು ಮಾಡಿ.